ಬಿಸಿಯಾದರೆ ಬಾಗಿಲು ಹಾಕಿಕೊಳ್ಳುವ ಆರ್‌ಎನ್‌ಎ

ಲ್ಯಾಬಿಗೆ ಸೇರಿದ ಹೊಸದರಲ್ಲಿ ಒಂದು ಬೆಳಗ್ಗೆ ಇನ್‌ಕ್ಯುಬೇಟರಿನಿಂದ ಪ್ಲೇಟುಗಳನ್ನು ಹೊರಗೆ ತೆಗೆದೆ. ಪ್ಲೇಟಿನ ತುಂಬ ಇ. ಕೊಲೈ ಬ್ಯಾಕ್ಟೀರಿಯಾ ರಾತ್ರಿಯೆಲ್ಲ ಬೆಳೆದು ತೆಳುವಾದ ಮಂಜಿನ ಪದರದಂತೆ ಹರಡಿತ್ತು. ಅದರ ನಡುವೆ ಅಲ್ಲಲ್ಲಿ ಗುಂಡುಸೂಜಿಯ ತಲೆಯಷ್ಟು ದೊಡ್ಡ ತೂತುಗಳು. ಇವುಗಳಿಗೆ ಪ್ಲಾಕ್ ಅಂತಾರೆ. ಒಂದೇ ಒಂದು ಫೇಜ್, ಅಂದರೆ ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್, ಅಲ್ಲಿ ಬಿದ್ದು ಒಂದು ಬ್ಯಾಕ್ಟೀರಿಯಾ ಒಡೆದು, ಹೊರಬಂದ ಮರಿಗಳು ಅಕ್ಕಪಕ್ಕದವನ್ನು ಒಡೆದು, ಹೀಗೇ ಆಗುತ್ತಾ ಆಗುತ್ತಾ ಕಣ್ಣಿಗೆ ಕಾಣುವಷ್ಟು ಖಾಲಿ ಜಾಗ ಆಗಿರುತ್ತದೆ.

ನಾನು ಹಾಕಿದ್ದು ಲ್ಯಾಂಬ್ಡಾ ಫೇಜ್. ಅದರ ಪ್ಲಾಕಿನ ಮಧ್ಯೆ ಮಬ್ಬು ಇರಬೇಕಿತ್ತು. ನನ್ನ ಪ್ಲೇಟಿನಲ್ಲಿ ಎಲ್ಲವೂ ಗಾಜಿನ ಹಾಗೆ ತಿಳಿಯಾಗಿದ್ದವು. ಒಂದರಲ್ಲೂ ಮಬ್ಬಿಲ್ಲ. ಪಕ್ಕದ ಬೆಂಚಿನ ಅಕ್ಕ ಬಂದು ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ ಒಂದೇ ಪ್ರಶ್ನೆ ಕೇಳಿದರು. "ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ದೆ?" 30 ಡಿಗ್ರಿಯದ್ದರಲ್ಲಿ ಇಡಬೇಕಾದ್ದನ್ನು 42 ಡಿಗ್ರಿಯದ್ದರಲ್ಲಿ ಇಟ್ಟಿದ್ದೆ. ಪ್ಲಾಕ್ ನೋಡಿಯೇ ಅವರಿಗೆ ತಾಪಮಾನ ಗೊತ್ತಾಗಿತ್ತು. ಆ ವಿಷಯ ಆವತ್ತಿನಿಂದ ನನ್ನ ತಲೆಯಿಂದ ಹೋಗಿಲ್ಲ. ಕಣ್ಣಿಲ್ಲದ, ಚರ್ಮವಿಲ್ಲದ, ಸ್ವಂತವಾಗಿ ಉಸಿರೂ ಇಲ್ಲದ ಒಂದು ಚೂರು ಡಿಎನ್‌ಎ, ಸುತ್ತ ಎಷ್ಟು ಬಿಸಿ ಇದೆ ಅಂತ ತಿಳಿದುಕೊಂಡು ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತದೆ ಅಲ್ವಾ?

ಮಬ್ಬು ಯಾಕಿರಬೇಕು ಅಂತ ಮೊದಲು ಹೇಳುತ್ತೇನೆ. ಲ್ಯಾಂಬ್ಡಾ ಬ್ಯಾಕ್ಟೀರಿಯಾದ ಒಳಗೆ ಹೊಕ್ಕ ಮೇಲೆ ಅದಕ್ಕೆ ಎರಡು ದಾರಿ ಇವೆ. ಒಂದು, ತನ್ನ ನಕಲುಗಳನ್ನು ಮಾಡಿಕೊಂಡು, ಒಂದು ಗಂಟೆಯ ಒಳಗೆ ಸುಮಾರು ನೂರು ಮರಿಗಳೊಂದಿಗೆ ಕೋಶವನ್ನು ಒಡೆದು ಹೊರಗೆ ಬರುವುದು. ಇನ್ನೊಂದು, ತನ್ನ ಡಿಎನ್‌ಎಯನ್ನು ಬ್ಯಾಕ್ಟೀರಿಯಾದ ಡಿಎನ್‌ಎಗೇ ಸೇರಿಸಿಕೊಂಡು ಸುಮ್ನೆ ಮಲಗಿಬಿಡುವುದು. ಮಲಗಿದ ಫೇಜ್ ಇರುವ ಬ್ಯಾಕ್ಟೀರಿಯಾಕ್ಕೆ ಅದೇ ಜಾತಿಯ ಇನ್ನೊಂದು ಫೇಜ್ ಏನೂ ಮಾಡಲಾಗದು. ಹಾಗಾಗಿ ಅಂಥ ಬ್ಯಾಕ್ಟೀರಿಯಾಗಳು ಪ್ಲಾಕಿನ ನಡುವೆಯೇ ಬದುಕಿ ಬೆಳೆಯುತ್ತವೆ. ಆ ಮಬ್ಬು ಅವರದ್ದೇ. 1922ರಲ್ಲಿ ಬೇರ್ಪಡಿಸಿದ ಕೆ-12 ಎಂಬ ಇ. ಕೊಲೈ ತಳಿಯ ಒಳಗೆ ಲ್ಯಾಂಬ್ಡಾ ಹೀಗೇ ಮಲಗಿತ್ತು. ಎಷ್ಟೋ ವರ್ಷ ಎಷ್ಟೋ ಜನ ಆ ತಳಿಯನ್ನು ಬೆಳೆಸಿದರೂ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಎಸ್ತರ್ ಲೆಡರ್‌ಬರ್ಗ್ ಅದನ್ನು ಕಂಡುಹಿಡಿದು 1951ರಲ್ಲಿ ವರದಿ ಮಾಡಿದರು.

ನನ್ನ ಪ್ಲೇಟಿನಲ್ಲಿ ಇದ್ದದ್ದು ಲ್ಯಾಂಬ್ಡಾದ ಒಂದು ಹೆಸರಾಂತ ರೂಪಾಂತರ, ಸಿ-ಒನ್ 857. 1962ರಲ್ಲಿ ಸಸ್‌ಮನ್ ಮತ್ತು ಜಾಕೋಬ್ ವಿವರಿಸಿದ್ದು. ಫೇಜನ್ನು ಮಲಗಿಸಿಡುವ ಪ್ರೋಟೀನಿನ ಹೆಸರು ಸಿ-ಒನ್. ಈ ರೂಪಾಂತರದಲ್ಲಿ ಆ ಪ್ರೋಟೀನಿನ ಒಂದೇ ಒಂದು ಅಮೈನೊ ಆಮ್ಲ ಬದಲಾಗಿದೆ. 30 ಡಿಗ್ರಿಯಲ್ಲಿ ಅದು ಸರಿಯಾಗಿ ಕೆಲಸ ಮಾಡುತ್ತದೆ, ಬಿಸಿ ಜಾಸ್ತಿಯಾದರೆ ಸಡಿಲವಾಗಿ ಕೈಬಿಡುತ್ತದೆ. ಮಲಗಿಸುವವರೇ ಇಲ್ಲದಿದ್ದರೆ ಮಬ್ಬು ಎಲ್ಲಿಂದ ಬರಬೇಕು?

ಇದಾದ ಮೇಲೆ ತುಂಬಾ ದಿನ ನಾನು ಅಂದುಕೊಂಡಿದ್ದು, ಫೇಜಿನ ಥರ್ಮಾಮೀಟರ್ ಅಂದರೆ ಇದೇ ಅಂತ. ಆಮೇಲೆ ಯೋಚಿಸಿದಾಗ ಅದು ಸರಿ ಅನ್ನಿಸಲಿಲ್ಲ. 857 ಮನುಷ್ಯರು ಆರಿಸಿ ಇಟ್ಟುಕೊಂಡ ಒಂದು ಕೆಟ್ಟುಹೋದ ಪ್ರೋಟೀನ್. ನಮಗೆ ಅದರಿಂದ ತುಂಬಾ ಉಪಯೋಗವಿದೆ, ಬಿಸಿ ಮಾಡಿ ಜೀನ್ ಆನ್ ಮಾಡಲು ಇವತ್ತಿಗೂ ಅದನ್ನು ಬಳಸುತ್ತಾರೆ. ಆದರೆ ಅದು ಫೇಜ್ ತನಗಾಗಿ ಇಟ್ಟುಕೊಂಡದ್ದಲ್ಲ. ಹಾಗಾದರೆ ಕಾಡು ಲ್ಯಾಂಬ್ಡಾಕ್ಕೆ, ಯಾರೂ ಮುಟ್ಟದ ಲ್ಯಾಂಬ್ಡಾಕ್ಕೆ, ಬಿಸಿ ಗೊತ್ತಾಗುತ್ತದೆಯೇ? ಗೊತ್ತಾಗುತ್ತದೆ. ಅದರ ಥರ್ಮಾಮೀಟರ್ ಪ್ರೋಟೀನಿನಲ್ಲಿಲ್ಲ, ಆರ್‌ಎನ್‌ಎಯಲ್ಲಿದೆ. ಸಿ-ತ್ರೀ ಎಂಬ ಚಿಕ್ಕ ಜೀನಿನ, ಪ್ರೋಟೀನ್ ಕಟ್ಟುವ ಸೂಚನೆ ಹೊತ್ತೊಯ್ಯುವ ಸಂದೇಶವಾಹಕ ಆರ್‌ಎನ್‌ಎ. ಆರ್‌ಎನ್‌ಎ ತಾನೇ ತಾಪಮಾನ ಅಳೆಯಬಲ್ಲದು ಅಂತ ಮೊದಲು ವರದಿಯಾದದ್ದೇ ಇದರಲ್ಲಿ, 1989ರಲ್ಲಿ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಶೊಶಿ ಅಲ್ಟುವಿಯಾ, ಅಮೋಸ್ ಓಪನ್‌ಹೈಮ್ ಮತ್ತು ಅವರ ಜೊತೆಗಾರರು ಮಾಡಿದ ಕೆಲಸ ಅದು.

ಈ ಸಿ-ತ್ರೀ ವಿಚಾರ ಬರೆಯಬೇಕು ಅಂತ ತುಂಬಾ ದಿನದಿಂದ ಆಸೆ ಇತ್ತು. ಯಾಕೆಂದರೆ ಆರ್‌ಎನ್‌ಎ ಥರ್ಮಾಮೀಟರ್ ಬಗ್ಗೆ ಎಲ್ಲಿ ಓದಿದರೂ "ಬಿಸಿಯಾದರೆ ಗಂಟು ಬಿಚ್ಚುತ್ತದೆ, ಜೀನ್ ಆನ್ ಆಗುತ್ತದೆ" ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಮೊದಲು ಸಿಕ್ಕಿದ ಥರ್ಮಾಮೀಟರೇ ಆ ಸಾಲಿಗೆ ಸರಿಯಾಗಿ ಉಲ್ಟಾ ಇದೆ.

ಸರಿ, ಗಂಟು ಅಂದರೇನು ಅಂತ ಹತ್ತಿರದಿಂದ ನೋಡೋಣ. ಆರ್‌ಎನ್‌ಎ ಅಂದರೆ ನಾಲ್ಕು ಅಕ್ಷರಗಳ ಸರ. ಎ, ಯು, ಜಿ, ಸಿ. ಡಿಎನ್‌ಎಯಂತೆ ಎರಡು ಎಳೆ ಇಲ್ಲ, ಒಂದೇ ಎಳೆ. ಜೋಡಿ ಎಳೆ ಇಲ್ಲದ್ದರಿಂದ ಅದು ತನ್ನ ಮೇಲೇ ಬಾಗಿ ತನ್ನದೇ ಅಕ್ಷರಗಳ ಜೊತೆ ಜೋಡಿ ಕಟ್ಟಿಕೊಳ್ಳುತ್ತದೆ. ಜಿ ಮತ್ತು ಸಿ ಸೇರಿದರೆ ಮೂರು ಹೈಡ್ರೋಜನ್ ಬಂಧ, ಗಟ್ಟಿ. ಎ ಮತ್ತು ಯು ಸೇರಿದರೆ ಎರಡು, ಸ್ವಲ್ಪ ಸಡಿಲ. ಜಿ ಮತ್ತು ಯು ಕೂಡ ಹೇಗೋ ಹೊಂದಿಕೊಂಡು ಕೂರುತ್ತವೆ, ಅದು ಸಾಮಾನ್ಯವಾಗಿ ಇನ್ನೂ ಸಡಿಲ. ಹೀಗೆ ಬಾಗಿ ಕಟ್ಟಿಕೊಂಡ ಆಕಾರ ಹೆಚ್ಚುಕಮ್ಮಿ ಹೇರ್‌ಪಿನ್ ಥರ ಇರುತ್ತದೆ, ಅದಕ್ಕೇ ಆ ಹೆಸರು.

ಇನ್ನು ಬಾಗಿಲು. ಸಂದೇಶ ಓದಿ ಪ್ರೋಟೀನ್ ಕಟ್ಟುವುದು ರೈಬೋಸೋಮ್. ಬ್ಯಾಕ್ಟೀರಿಯಾದಲ್ಲಿ ಅದು ಬಂದು ಕೂರಲು ಒಂದು ಗುರುತು ಬೇಕು. ಎ-ಜಿ-ಜಿ-ಎ-ಜಿ-ಜಿ ಅನ್ನುವ ಥರದ ನಾಲ್ಕಾರು ಅಕ್ಷರ. ಜಾನ್ ಶೈನ್ ಮತ್ತು ಲಿನ್ ಡಾಲ್ಗಾರ್ನೊ 1974ರಲ್ಲಿ ಇದನ್ನು ಗುರುತಿಸಿದ್ದರಿಂದ ಶೈನ್-ಡಾಲ್ಗಾರ್ನೊ ಅಂತಲೇ ಕರೆಯುತ್ತಾರೆ. ರೈಬೋಸೋಮಿನ ಒಳಗಿನ ಆರ್‌ಎನ್‌ಎಯ ತುದಿಯಲ್ಲಿ ಇದಕ್ಕೆ ಜೋಡಿಯಾಗುವ ಅಕ್ಷರಗಳಿವೆ. ಎರಡೂ ಕೂಡಿಕೊಂಡರೆ ರೈಬೋಸೋಮ್ ನೆಲೆ ನಿಲ್ಲುತ್ತದೆ, ಕೆಲವೇ ಅಕ್ಷರ ಮುಂದಿರುವ ಎ-ಯು-ಜಿ ಎಂಬ ಆರಂಭದ ಗುರುತಿನಿಂದ ಓದಲು ಶುರು ಮಾಡುತ್ತದೆ. ಈ ಅಕ್ಷರಗಳು ಹೇರ್‌ಪಿನ್ನಿನ ಒಳಗೆ ಸಿಕ್ಕಿಕೊಂಡಿದ್ದರೆ? ರೈಬೋಸೋಮಿಗೆ ಕೂರಲು ಜಾಗವಿಲ್ಲ. ಸಂದೇಶ ಅಲ್ಲೇ ಇದೆ, ಪೂರ್ತಿ ಇದೆ, ಆದರೆ ಓದುವವರಿಲ್ಲ.

ಉದಾಹರಣೆಗೆ, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದಲ್ಲಿ ಎಜಿಎಸ್-ಎ ಅಂತ ಒಂದು ಜೀನ್ ಇದೆ, ಬಿಸಿ ಹೆಚ್ಚಾದಾಗ ಬೇಕಾಗುವ ಸಣ್ಣ ಪ್ರೋಟೀನಿನದ್ದು. ಅದರ ಥರ್ಮಾಮೀಟರ್ 2007ರಲ್ಲಿ ಗೊತ್ತಾಯಿತು. ಅಲ್ಲಿ ಬಾಗಿಲಿನ ಎ-ಜಿ-ಜಿ-ಎ ಅಕ್ಷರಗಳ ಎದುರು ಸಾಲಾಗಿ ನಾಲ್ಕು ಯು ಕೂತಿವೆ. ಒಂದು ಹಾಳೆಯ ಮೇಲೆ ಬರೆದು ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಎ ಎದುರು ಯು, ಜಿ ಎದುರು ಯು, ಮತ್ತೆ ಜಿ ಎದುರು ಯು, ಎ ಎದುರು ಯು. ತುದಿಯ ಎರಡು ಜೋಡಿ ಸಡಿಲ, ನಡುವಿನ ಎರಡಂತೂ ಇನ್ನೂ ಸಡಿಲ. ಆ ಎರಡು ಜಿಗಳ ಎದುರು ಸಿ ಇದ್ದಿದ್ದರೆ ಗಂಟು ಎಷ್ಟೋ ಬಿಗಿಯಾಗಿರುತ್ತಿತ್ತು. ಅಲ್ಲಿ ಸಿ ಇಲ್ಲದಿರುವುದರಿಂದಲೇ ಇದು ಥರ್ಮಾಮೀಟರ್ ಆಗಿದೆ. ತಣ್ಣಗಿದ್ದಾಗ ಹಿಡಿದುಕೊಂಡಿರಬೇಕು, ಬಿಸಿಯಾದಾಗ ಬಿಡಬೇಕು, ಎರಡಕ್ಕೂ ಸಾಕಾಗುವಷ್ಟೇ ಬಲ. ಈ ಗಂಟಿನಲ್ಲಿ ಒಂದೇ ಅಕ್ಷರ ಬದಲಿಸಿದರೂ ಬಿಚ್ಚಿಕೊಳ್ಳುವ ತಾಪಮಾನ ಹತ್ತು ಡಿಗ್ರಿಯಷ್ಟು ಆಚೀಚೆ ಹೋಗಬಹುದು.

ಬ್ಯಾಕ್ಟೀರಿಯಾಗಳಲ್ಲಿ ಈ ಥರದವು ಬೇಕಾದಷ್ಟಿವೆ. ಲಿಸ್ಟೀರಿಯಾದ ರೋಗಕಾರಕ ಜೀನುಗಳನ್ನು ಎಬ್ಬಿಸುವ ಪಿಆರ್‌ಎಫ್-ಎ ಸಂದೇಶ 30 ಡಿಗ್ರಿಯಲ್ಲಿ ಮುಚ್ಚಿರುತ್ತದೆ, 37ರಲ್ಲಿ ತೆರೆಯುತ್ತದೆ. 37 ಅಂದರೆ "ಈಗ ಒಂದು ಬೆಚ್ಚನೆಯ ಮೈಯೊಳಗೆ ಇದ್ದೇನೆ" ಅಂತ ಅರ್ಥ. ಹೊಸ ಪ್ರೋಟೀನ್ ಬೇಡ, ಹೊಸ ಆರ್‌ಎನ್‌ಎಯೂ ಬೇಡ, ಮೊದಲೇ ಬರೆದಿಟ್ಟ ಸಂದೇಶವೇ ಬಿಸಿ ತಗಲಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಇದಕ್ಕಿಂತ ನೇರವಾದ ವ್ಯವಸ್ಥೆ ನನಗಂತೂ ಊಹಿಸಲಾಗದು.

ಈಗ ಲ್ಯಾಂಬ್ಡಾಕ್ಕೆ ವಾಪಸ್ ಬರೋಣ.

ಒಳಗೆ ಹೋದ ಲ್ಯಾಂಬ್ಡಾ ಮಲಗಬೇಕೋ ಒಡೆಯಬೇಕೋ ಅನ್ನುವುದು ಮುಖ್ಯವಾಗಿ ಸಿ-ಟೂ ಎಂಬ ಪ್ರೋಟೀನ್ ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ. ಸಿ-ಟೂ ಸಾಕಷ್ಟು ಇದ್ದರೆ ಅದು ಸಿ-ಒನ್ ಜೀನನ್ನು ಎಬ್ಬಿಸುತ್ತದೆ, ಜೊತೆಗೆ ಫೇಜಿನ ಡಿಎನ್‌ಎಯನ್ನು ಬ್ಯಾಕ್ಟೀರಿಯಾದ ಡಿಎನ್‌ಎಗೆ ಹೊಲಿಯುವ ಕಿಣ್ವವನ್ನೂ ಮಾಡಿಸುತ್ತದೆ. ಆಗ ಮಲಗುವುದು ಖಾಯಂ. ಸಿ-ಟೂ ಕಡಿಮೆಯಾದರೆ ಒಡೆಯುವ ದಾರಿ. ತೊಂದರೆ ಏನೆಂದರೆ ಸಿ-ಟೂ ತುಂಬಾ ಅಲ್ಪಾಯುಷಿ. ಬ್ಯಾಕ್ಟೀರಿಯಾದ ಪೊರೆಯಲ್ಲಿ ಎಫ್‌ಟಿಎಸ್-ಎಚ್ ಅಂತ ಪ್ರೋಟೀನ್ ಕತ್ತರಿಸುವ ಒಂದು ಕಿಣ್ವ ಕೂತಿರುತ್ತದೆ. ಅದು ಸಿ-ಟೂವನ್ನು ಹಿಡಿದು ನಿಮಿಷಗಳಲ್ಲಿ ಚೂರು ಮಾಡುತ್ತದೆ. ಇಲ್ಲಿ ಸಿ-ತ್ರೀಯ ಪ್ರವೇಶ. ಬರೀ 54 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನ್. ಅದರ ಕೆಲಸ ಆ ಕತ್ತರಿಗೆ ಅಡ್ಡ ಬರುವುದು. ಸಿ-ತ್ರೀ ಇದ್ದಷ್ಟು ಹೊತ್ತು ಸಿ-ಟೂ ಬದುಕುತ್ತದೆ. ಅಂದರೆ ಸಿ-ತ್ರೀ ಎಷ್ಟು ತಯಾರಾಗುತ್ತದೆ ಅನ್ನುವುದರಿಂದ ಫೇಜಿನ ಹಣೆಬರಹದಲ್ಲಿ ಒಂದು ದೊಡ್ಡ ಪಾಲು ನಿರ್ಧಾರವಾಗುತ್ತದೆ.

ಆ ಸಿ-ತ್ರೀಯ ಸಂದೇಶ ಒಂದಲ್ಲ, ಎರಡು ರೀತಿ ಮಡಚಿಕೊಳ್ಳಬಲ್ಲದು. ಅವಕ್ಕೆ ಎ ರೂಪ, ಬಿ ರೂಪ ಅಂತ ಹೆಸರಿಟ್ಟಿದ್ದಾರೆ. ಎ ರೂಪದಲ್ಲಿ ಆರಂಭದ ಎ-ಯು-ಜಿಯೂ ಶೈನ್-ಡಾಲ್ಗಾರ್ನೊದ ಒಂದಷ್ಟು ಭಾಗವೂ ಗಂಟಿನೊಳಗೆ ಸಿಕ್ಕಿರುತ್ತವೆ. ಬಾಗಿಲು ಮುಚ್ಚಿದೆ. ಬಿ ರೂಪದಲ್ಲಿ ಅದೇ ಅಕ್ಷರಗಳು ಹೊರಗೆ ಬಿಡುವಾಗಿ ನಿಂತಿರುತ್ತವೆ. ಬಾಗಿಲು ತೆರೆದಿದೆ. ಎರಡೂ ಮಡಿಕೆಗಳು ಒಂದೇ ಹೊತ್ತಿಗೆ ಇರಲಾರವು, ಯಾಕೆಂದರೆ ಕೆಲವು ಅಕ್ಷರಗಳು ಎರಡೂ ಕಡೆ ಬೇಕು. ಎರಡರ ಶಕ್ತಿಯೂ ಹತ್ತಿರಹತ್ತಿರ ಒಂದೇ. ಹಾಗಾಗಿ ಕೋಶದ ಒಳಗೆ ಸಿ-ತ್ರೀ ಸಂದೇಶಗಳು ಒಂದಷ್ಟು ಎ, ಒಂದಷ್ಟು ಬಿ ಅಂತ ಹಂಚಿಕೊಂಡಿರುತ್ತವೆ. ತಕ್ಕಡಿ ಯಾವ ಕಡೆ ವಾಲುತ್ತದೆ ಅನ್ನುವುದು ಪ್ರಶ್ನೆ. 37 ಡಿಗ್ರಿಯಲ್ಲಿ ತೆರೆದ ಬಿ ಕಡೆಗೆ. 45 ಡಿಗ್ರಿಯಲ್ಲಿ ಮುಚ್ಚಿದ ಎ ಕಡೆಗೆ.

ಮೊದಲ ಸಲ ಓದಿದಾಗ ನಾನು ಇದನ್ನು ತಪ್ಪಾಗಿ ಅರ್ಥ ಮಾಡಿಕೊಂಡೆನೇನೋ ಅಂತ ಮೂರು ಸಲ ಓದಿದೆ. ಬಿಸಿ ಮಾಡಿದರೆ ಮುಚ್ಚಿಕೊಳ್ಳುವುದು ಹೇಗೆ ಸಾಧ್ಯ? ಬಿಸಿ ಅಂದರೆ ಅಣುಗಳ ಕುಣಿತ. ಕುಣಿತ ಜಾಸ್ತಿಯಾದರೆ ಗಂಟು ಬಿಚ್ಚಬೇಕಲ್ಲ? ಈ ಗೊಂದಲ ಬಿಡಿಸಿಕೊಳ್ಳಲು ಒಂದು ಉದ್ದನೆಯ ಕಾಗದದ ಪಟ್ಟಿ ತಗೊಂಡು, ಅದರ ಮೇಲೆ ಬಾಗಿಲಿನ ಭಾಗಕ್ಕೆ ಕೆಂಪು ಬಣ್ಣ ಹಚ್ಚಿ, ಎರಡು ಥರ ಮಡಚಿ ನೋಡಿದೆ. ಆಗ ಹೊಳೆಯಿತು. ಬಿಸಿ ಯಾವತ್ತೂ ತಳ್ಳುವುದು ಒಟ್ಟಾರೆ ಸಡಿಲವಾದ ಕಡೆಗೇ, ಅದರಲ್ಲಿ ವಿನಾಯಿತಿ ಇಲ್ಲ. ಆದರೆ ಬಿಸಿಗೆ ಬಾಗಿಲು ಎಲ್ಲಿದೆ ಅಂತ ಗೊತ್ತಿಲ್ಲ. ಬಿ ರೂಪದಲ್ಲಿ ಒಟ್ಟು ಬಿಗಿತ ಜಾಸ್ತಿ, ಆದರೆ ಆ ಬಿಗಿತವೆಲ್ಲ ಬಾಗಿಲಿನಿಂದ ದೂರ, ಬೇರೆ ಅಕ್ಷರಗಳ ನಡುವೆ. ಎ ರೂಪ ಒಟ್ಟಾರೆ ನೋಡಿದರೆ ಬಿ ರೂಪಕ್ಕಿಂತ ಸಡಿಲ, ಆದರೆ ಅದರಲ್ಲಿ ಉಳಿದಿರುವ ಗಂಟು ಸರಿಯಾಗಿ ಬಾಗಿಲಿನ ಮೇಲೇ ಬಿದ್ದಿದೆ. ಬಿಸಿಯಾದಾಗ ಬಿ ಬಿಚ್ಚುತ್ತದೆ, ಬಿಚ್ಚಿದ ಅಕ್ಷರಗಳಲ್ಲಿ ಕೆಲವು ಎ ರೂಪಕ್ಕೆ ಸೇರಿಕೊಳ್ಳುತ್ತವೆ, ಬಾಗಿಲು ಹಾಕಿಕೊಳ್ಳುತ್ತದೆ. ಕರಗುವ ಥರ್ಮಾಮೀಟರ್ ಅಲ್ಲ ಇದು, ಮಗ್ಗುಲು ಬದಲಿಸುವ ಥರ್ಮಾಮೀಟರ್.

ಇದು ಬರೀ ಊಹೆ ಅಲ್ಲ. ಈ ಭಾಗದಲ್ಲಿ ಒಂದೊಂದೇ ಅಕ್ಷರ ಬದಲಾದ ರೂಪಾಂತರಗಳನ್ನು ಅಲ್ಟುವಿಯಾ ಅವರ ತಂಡ ಪರೀಕ್ಷಿಸಿತು. ಎ ರೂಪದಲ್ಲೇ ಸಿಕ್ಕಿಬೀಳುವಂಥ ಬದಲಾವಣೆ ಇದ್ದರೆ ಸಿ-ತ್ರೀ ತಯಾರಾಗುವುದಿಲ್ಲ. ಬಿ ರೂಪದಲ್ಲೇ ನಿಂತುಬಿಡುವಂಥದ್ದಿದ್ದರೆ ಸಿ-ತ್ರೀ ಬೇಕಾದ್ದಕ್ಕಿಂತ ಜಾಸ್ತಿ ತಯಾರಾಗುತ್ತದೆ. ರೈಬೋಸೋಮ್ ಕೂಡ ಬಿ ರೂಪಕ್ಕೆ ಮಾತ್ರ ಅಂಟಿಕೊಳ್ಳುತ್ತದೆ. ಮೆಗ್ನೀಸಿಯಮ್ ಎಷ್ಟಿದೆ ಅನ್ನುವುದಕ್ಕೂ ತಕ್ಕಡಿ ಸ್ಪಂದಿಸುತ್ತದೆ. ಆರ್‌ಎನ್‌ಎಯ ಮೈತುಂಬ ಋಣ ವಿದ್ಯುದಂಶ, ಅದು ತನ್ನನ್ನು ತಾನೇ ದೂರ ತಳ್ಳುತ್ತಿರುತ್ತದೆ, ಮೆಗ್ನೀಸಿಯಮ್ ನಡುವೆ ಕೂತು ಸಮಾಧಾನ ಮಾಡುತ್ತದೆ. ಹಾಗಾಗಿ ಬರೀ ಡಿಗ್ರಿ ಹೇಳಿ ಈ ಥರ್ಮಾಮೀಟರ್ ಓದಲಾಗದು, ಸುತ್ತಲಿನ ಲವಣವನ್ನೂ ಹೇಳಬೇಕು. ಇನ್ನೂ ಒಂದಿದೆ. ಆರ್‌ಎನ್‌ಏಸ್-ತ್ರೀ ಎಂಬ ಬ್ಯಾಕ್ಟೀರಿಯಾದ ಕಿಣ್ವ ಇದ್ದರೆ ಸಿ-ತ್ರೀ ಉತ್ಪಾದನೆ ಹೆಚ್ಚುತ್ತದೆ. ಸಾಮಾನ್ಯವಾಗಿ ಆರ್‌ಎನ್‌ಎ ಕತ್ತರಿಸುವ ಕಿಣ್ವ ಅದು, ಇಲ್ಲಿ ಸಂದೇಶಕ್ಕೆ ಸಹಾಯವೇ ಆಗುತ್ತದೆ. ಇದೂ ಅದೇ ತಂಡದ ಕೆಲಸ, 1987ರದ್ದು.

ಹಾಗಾದರೆ ಫೇಜಿಗೆ ಇದರಿಂದ ಏನು ಲಾಭ? ಇ. ಕೊಲೈಗೆ 37 ಡಿಗ್ರಿ ಹಿತ. 45ರ ಹತ್ತಿರ ಬಂದರೆ ಅದರ ಪ್ರೋಟೀನುಗಳು ಕೆಡಲು ಶುರುವಾಗುತ್ತವೆ, ಅದರ ಬದುಕಿನ ಅಂಚು ಅದು. ಸಾಯುವ ಹಾಗಿರುವ ಮನೆಯಲ್ಲಿ ಮಲಗಿದರೆ ಮನೆಯೊಂದಿಗೆ ತಾನೂ ಹೋಗಬೇಕಾಗುತ್ತದೆ. ಸಿ-ತ್ರೀ ಬಾಗಿಲು ಮುಚ್ಚಿದರೆ ಸಿ-ಟೂಗೆ ರಕ್ಷಣೆ ಇಲ್ಲ, ಸಿ-ಒನ್ ಎದ್ದೇಳುವುದಿಲ್ಲ, ಫೇಜ್ ಮರಿ ಮಾಡಿಕೊಂಡು ಹೊರಗೆ ಬರುತ್ತದೆ. ಫೇಜಿಗೆ ಇಷ್ಟೆಲ್ಲ ಯೋಚನೆ ಇದೆ ಅಂತ ನಾನು ಹೇಳುತ್ತಿಲ್ಲ. ಆ ಕೆಲವು ಡಜನ್ ಅಕ್ಷರಗಳು ಹೀಗೆ ಮಡಚಿಕೊಳ್ಳುವ ಫೇಜುಗಳೇ ಉಳಿದುಕೊಂಡು ಬಂದವು ಅಂತ ಮಾತ್ರ.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇನ್ನು ಮುಂದಿನದು. ಬಿಸಿಯಾದಾಗ ಬ್ಯಾಕ್ಟೀರಿಯಾ ತಾನೂ ಸುಮ್ಮನೆ ಕೂರುವುದಿಲ್ಲ. ಸಿಗ್ಮಾ-32 ಎಂಬ ಪ್ರೋಟೀನನ್ನು ಹೆಚ್ಚಿಸಿಕೊಳ್ಳುತ್ತದೆ, ಅದು ಬಿಸಿಯ ಹಾನಿಯನ್ನು ಸರಿಪಡಿಸುವ ಜೀನುಗಳನ್ನೆಲ್ಲ ಎಬ್ಬಿಸುತ್ತದೆ. ಈ ಸಿಗ್ಮಾ-32ರ ಸಂದೇಶವೂ ಒಂದು ಆರ್‌ಎನ್‌ಎ ಥರ್ಮಾಮೀಟರ್. ಇದು ಮಾಮೂಲಿ ಜಾತಿಯದ್ದು, ಬಿಸಿಯಾದರೆ ತೆರೆಯುವಂಥದ್ದು. ಜಪಾನಿನ ತಕಾಶಿ ಯೂರಾ ಅವರ ತಂಡ 1999ರಲ್ಲಿ ಇದನ್ನು ತೋರಿಸಿತು. ಇಲ್ಲಿ ಬಾಗಿಲನ್ನು ಮುಚ್ಚಿ ಹಿಡಿಯುವ ಅಕ್ಷರಗಳು ಬಾಗಿಲಿನ ಹಿಂದೆ ಇಲ್ಲ, ಪ್ರೋಟೀನಿನ ಸಂದೇಶದ ಒಳಗೇ ಇವೆ. ಒಂದೇ ಅಕ್ಷರಕ್ಕೆ ಎರಡು ಕೆಲಸ, ಅಮೈನೊ ಆಮ್ಲವನ್ನೂ ಹೇಳಬೇಕು, ಬಾಗಿಲನ್ನೂ ಹಿಡಿಯಬೇಕು.

ತಣ್ಣಗಿರುವಾಗ ಸಿಗ್ಮಾ-32 ಕಡಿಮೆ ಇರಲು ಇನ್ನೊಂದು ಕಾರಣ, ಯಾರೋ ಅದನ್ನು ಕತ್ತರಿಸಿ ಹಾಕುತ್ತಿರುತ್ತಾರೆ. ಯಾರು? ಅದೇ ಎಫ್‌ಟಿಎಸ್-ಎಚ್. ಸಿ-ಟೂವನ್ನು ಕತ್ತರಿಸುತ್ತಿದ್ದ ಅದೇ ಕತ್ತರಿ! ಮೇಲಾಗಿ ಬಿಸಿಯಾದಾಗ ಸಿಗ್ಮಾ-32 ಎಬ್ಬಿಸುವ ಜೀನುಗಳಲ್ಲಿ ಎಫ್‌ಟಿಎಸ್-ಎಚ್ ಕೂಡ ಒಂದು. ಈಗ ಎಲ್ಲ ಸೇರಿಸಿ ನೋಡಿ. ಬಿಸಿ ಏರಿತು. ಬ್ಯಾಕ್ಟೀರಿಯಾದ ಥರ್ಮಾಮೀಟರ್ ತೆರೆದು ಸಿಗ್ಮಾ-32 ಹೆಚ್ಚಿತು, ಅದರಿಂದ ಕತ್ತರಿಯೂ ಹೆಚ್ಚಿತು. ಅದೇ ಹೊತ್ತಿಗೆ ಫೇಜಿನ ಥರ್ಮಾಮೀಟರ್ ಮುಚ್ಚಿ, ಕತ್ತರಿಗೆ ಅಡ್ಡ ಬರಬೇಕಾದ ಸಿ-ತ್ರೀ ಕಡಿಮೆಯಾಯಿತು. ಎರಡೂ ಕಡೆಯಿಂದ ಒತ್ತಡ ಬಿದ್ದು ಸಿ-ಟೂ ನಿಲ್ಲದಂತಾಯಿತು. ಒಂದು ತೆರೆಯುವ ಆರ್‌ಎನ್‌ಎ, ಒಂದು ಮುಚ್ಚುವ ಆರ್‌ಎನ್‌ಎ, ಒಂದು ಆತಿಥೇಯನದ್ದು, ಒಂದು ಅತಿಥಿಯದ್ದು, ಎರಡೂ ಒಂದೇ ಕತ್ತರಿಯ ಎರಡು ಹಿಡಿಗಳನ್ನು ಹಿಡಿದುಕೊಂಡಿವೆ. ಇದನ್ನು ಮೊದಲ ಸಲ ಬೋರ್ಡಿನ ಮೇಲೆ ಬಾಣ ಹಾಕಿ ಬರೆದಾಗ ನಾನು ತುಂಬಾ ಹೊತ್ತು ಅಲ್ಲೇ ನಿಂತಿದ್ದೆ.

ಇದಕ್ಕೆ ಉಲ್ಟಾ ದಿಕ್ಕಿನ ಸಾಕ್ಷಿಯೂ ಇದೆ. ಥರ್ಮಾಮೀಟರಿನ ವಿಷಯ ಗೊತ್ತಾಗುವ ಮೊದಲೇ, 1987ರಲ್ಲಿ, ಸಿ-ತ್ರೀಯನ್ನು ಜಾಸ್ತಿ ತಯಾರಿಸಿದರೆ ಬಿಸಿ ಮಾಡದಿದ್ದರೂ ಬ್ಯಾಕ್ಟೀರಿಯಾ ಬಿಸಿ ತಗಲಿದಂತೆ ನಡೆದುಕೊಳ್ಳುತ್ತದೆ ಅಂತ ಗೊತ್ತಾಗಿತ್ತು. ಸಿ-ತ್ರೀ ಕತ್ತರಿಯನ್ನು ತಡೆಯುತ್ತದೆ, ಸಿಗ್ಮಾ-32 ಕತ್ತರಿಸಿಕೊಳ್ಳದೆ ಉಳಿದುಬಿಡುತ್ತದೆ, ಅದರ ಜೀನುಗಳೆಲ್ಲ ಏಳುತ್ತವೆ. ಒಂದು ಫೇಜಿನ ಪುಟ್ಟ ಪ್ರೋಟೀನ್ ಬ್ಯಾಕ್ಟೀರಿಯಾಕ್ಕೆ ಬರದ ಜ್ವರ ಬಂದ ಹಾಗೆ ಮಾಡಿತು.

ತಣ್ಣನೆಯ ಕಡೆ ಏನಾಗುತ್ತದೆ ಅಂತ ಕೇಳಬಹುದು. 20 ಡಿಗ್ರಿಯ ಹತ್ತಿರ ಸಿ-ಟೂ ಬೇಗ ಕರಗುವುದಿಲ್ಲ, ತುಂಬಾ ಹೊತ್ತು ಉಳಿಯುತ್ತದೆ. ಅಲ್ಲಿ ಲ್ಯಾಂಬ್ಡಾ ಒಡೆಯುವ ದಾರಿ ಹಿಡಿಯುವುದೇ ಕಷ್ಟ. 1997ರಲ್ಲಿ ಇದನ್ನು ತೋರಿಸಿದ ತಂಡದಲ್ಲೂ ಓಪನ್‌ಹೈಮ್ ಇದ್ದರು. ತಣ್ಣಗಿದ್ದರೆ ಮಲಗು, ಬಿಸಿಯಾದರೆ ಓಡು. ಒಂದೇ ಪ್ರೋಟೀನಿನ ಆಯುಷ್ಯದಲ್ಲಿ ಎರಡೂ ಬರೆದಿದೆ.

ಥರ್ಮಾಮೀಟರ್ ಫೇಜಿನಲ್ಲಿಲ್ಲದೆ ಬ್ಯಾಕ್ಟೀರಿಯಾದಲ್ಲಿದ್ದರೂ ಫೇಜಿನ ಹಣೆಬರಹ ಬರೆಯಬಲ್ಲದು. ಕಾಲರಾ ಇದಕ್ಕೆ ಒಳ್ಳೆಯ ಉದಾಹರಣೆ. ಕಾಲರಾ ವಿಷದ ಜೀನ್ ನಿಜವಾಗಿ ಸಿಟಿಎಕ್ಸ್ ಎಂಬ ಫೇಜಿನದ್ದು, 1996ರಲ್ಲಿ ವಾಲ್ಡರ್ ಮತ್ತು ಮೆಕಲಾನೋಸ್ ಇದನ್ನು ಕಂಡುಹಿಡಿದರು. ಆ ಫೇಜ್ ಬ್ಯಾಕ್ಟೀರಿಯಾದ ಒಳಗೆ ಹೋಗುವುದು ಮೈಮೇಲಿನ ಒಂದು ಎಳೆಯಂಥ ರಚನೆಯನ್ನು ಹಿಡಿದುಕೊಂಡು. ಆ ಎಳೆಯನ್ನೂ ವಿಷವನ್ನೂ ಎರಡನ್ನೂ ಎಬ್ಬಿಸುವ ಪ್ರೋಟೀನ್ ಟಾಕ್ಸ್-ಟಿ. ಟಾಕ್ಸ್-ಟಿ ಸಂದೇಶದ ಮುಂದೆ ನಾಲ್ಕು ಯು ಅಕ್ಷರಗಳ ಗಂಟಿದೆ ಅಂತ 2014ರಲ್ಲಿ ಗೊತ್ತಾಯಿತು. 20 ಡಿಗ್ರಿಯ ನೀರಿನಲ್ಲಿ ಮುಚ್ಚಿರುತ್ತದೆ, 37 ಡಿಗ್ರಿಯ ಕರುಳಿನಲ್ಲಿ ತೆರೆಯುತ್ತದೆ. ಆ ಸಡಿಲವಾದ ನಾಲ್ಕು ಜೋಡಿಗಳೇ ಫೇಜಿಗೆ ಒಳಗೆ ಬರಲು ಬಾಗಿಲನ್ನೂ, ಫೇಜ್ ತಂದ ವಿಷಕ್ಕೆ ಅಪ್ಪಣೆಯನ್ನೂ ಕೊಡುತ್ತವೆ.

ಇಂಥವನ್ನು ಹುಡುಕುವುದು ಹೇಗೆ ಅಂತ ಹೊಸಬರು ಕೇಳುತ್ತಿರುತ್ತಾರೆ. ಕಂಪ್ಯೂಟರಿನಲ್ಲಿ ಆರ್‌ಎನ್‌ಎ ಮಡಚುವ ಪ್ರೋಗ್ರಾಂಗಳಿವೆ, ಅಕ್ಷರಗಳನ್ನು ಕೊಟ್ಟರೆ ಅತಿ ಕಡಿಮೆ ಶಕ್ತಿಯ ರೂಪವನ್ನು ಚಿತ್ರ ಬರೆದು ಕೊಡುತ್ತವೆ. ಸಾಮಾನ್ಯವಾಗಿ ಅವು 37 ಡಿಗ್ರಿಗೆ ಲೆಕ್ಕ ಹಾಕುತ್ತವೆ, ಆ ಸಂಖ್ಯೆಯನ್ನು ಬದಲಿಸಬಹುದು ಅನ್ನುವುದನ್ನೇ ತುಂಬಾ ಜನ ಗಮನಿಸುವುದಿಲ್ಲ. ಬದಲಿಸಿ ನೋಡಬೇಕು. ಆದರೂ ಸಿ-ತ್ರೀಯಂಥದ್ದಕ್ಕೆ ಒಂದು ಚಿತ್ರ ಸಾಲದು. ಪ್ರೋಗ್ರಾಂ ಗೆದ್ದ ರೂಪವನ್ನು ಮಾತ್ರ ತೋರಿಸುತ್ತದೆ, ಕೂದಲೆಳೆಯಷ್ಟರಲ್ಲಿ ಸೋತದ್ದನ್ನು ತೋರಿಸುವುದಿಲ್ಲ. ಇಲ್ಲಿ ಕಥೆ ಇರುವುದೇ ಸೋತದ್ದರಲ್ಲಿ. ಎರಡನೆಯ, ಮೂರನೆಯ ರೂಪಗಳನ್ನೂ ಕೇಳಿ ತೆಗೆದುಕೊಂಡು ಪಕ್ಕಪಕ್ಕ ಇಟ್ಟು ನೋಡಿ ಅಂತ ನಾನು ಯಾವಾಗಲೂ ಹೇಳುತ್ತೇನೆ. ಆಮೇಲೆ ಪ್ರಯೋಗ. ಜೋಡಿಯಾಗದ ಅಕ್ಷರಗಳನ್ನು ಮಾತ್ರ ಕಚ್ಚುವ ಕಿಣ್ವ ಹಾಕಿ ಬೇರೆ ಬೇರೆ ತಾಪಮಾನದಲ್ಲಿ ಎಲ್ಲಿ ಕಚ್ಚಿದೆ ಅಂತ ನೋಡುವುದು. 2016ರಲ್ಲಿ ಯೆರ್ಸೀನಿಯಾ ಬ್ಯಾಕ್ಟೀರಿಯಾದ ಸಾವಿರಾರು ಸಂದೇಶಗಳಿಗೆ ಒಟ್ಟಿಗೇ ಹೀಗೆ ಮಾಡಿ ಹೊಸ ಥರ್ಮಾಮೀಟರುಗಳನ್ನು ಪತ್ತೆ ಮಾಡಿದರು.

ಈಗ ಜನ ಥರ್ಮಾಮೀಟರುಗಳನ್ನು ತಾವೇ ಬರೆಯಲೂ ಕಲಿತಿದ್ದಾರೆ. ಬಿಸಿಯಾದರೆ ತೆರೆಯುವಂಥದ್ದು ಸುಲಭ. 2008ರಲ್ಲೇ ಒಂದೊಂದು ಸರಳ ಹೇರ್‌ಪಿನ್ ಬರೆದು ಇ. ಕೊಲೈಯಲ್ಲಿ ಕೆಲಸ ಮಾಡಿಸಿದ್ದರು. ಬಾಗಿಲಿಗೆ ಎದುರಾಗಿ ಸಡಿಲವಾದ ಜೋಡಿ ಇಟ್ಟರಾಯಿತು. ಬಿಸಿಯಾದರೆ ಮುಚ್ಚುವಂಥದ್ದು ಬೇಕು ಅಂದಾಗ ಕಷ್ಟ ಬಂತು. 2015ರಲ್ಲಿ ಒಂದು ತಂಡ ಅದಕ್ಕೆ ಬೇರೆಯೇ ದಾರಿ ಹಿಡಿಯಿತು. ಆರ್‌ಎನ್‌ಏಸ್-ಇ ಎಂಬ ಕಿಣ್ವ ಕಚ್ಚುವ ಜಾಗವೊಂದನ್ನು ಗಂಟಿನೊಳಗೆ ಅಡಗಿಸಿಟ್ಟರು. ತಣ್ಣಗಿದ್ದಾಗ ಆ ಜಾಗ ಸುರಕ್ಷಿತ. ಬಿಸಿಯಾದರೆ ಗಂಟು ಬಿಚ್ಚುತ್ತದೆ, ಕಿಣ್ವ ಕಚ್ಚುತ್ತದೆ, ಸಂದೇಶವೇ ನಾಶವಾಗುತ್ತದೆ. ಜೀನ್ ಆಫ್. ಜಾಣತನದ ಕೆಲಸ, ಚೆನ್ನಾಗಿಯೂ ನಡೆಯುತ್ತದೆ. ಆದರೆ ಕತ್ತರಿಸಿ ಹೋದ ಆರ್‌ಎನ್‌ಎ ತಣ್ಣಗಾದ ಮೇಲೆ ಮತ್ತೆ ಕೂಡುವುದಿಲ್ಲ, ಹೊಸದನ್ನೇ ಬರೆಯಬೇಕು. ಸಿ-ತ್ರೀಯದ್ದು ಕತ್ತರಿಸಿ ಮುಚ್ಚಿದ ಬಾಗಿಲಲ್ಲ. 45ರಿಂದ 37ಕ್ಕೆ ಇಳಿಸಿದರೆ ಅದೇ ಅಕ್ಷರಗಳು ಎ ರೂಪ ಬಿಟ್ಟು ಮತ್ತೆ ಬಿ ಕಡೆಗೆ ವಾಲುತ್ತವೆ, ರೈಬೋಸೋಮಿಗೆ ಕೂರಲು ಜಾಗ ಸಿಗುತ್ತದೆ.